ಏನೂ ಬದಲಾಗಬಾರದು ಎಂಬ ಕೆಲಸ

ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರಲಿ, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರಲಿ, ಸಿ ಭಾಷೆಯ ಲ್ಯಾಬಿನಲ್ಲಿ ಕೂತ ಮಕ್ಕಳು ಬರೆಯುವ ಮೊದಲ ಸಾಲು ಒಂದೇ: ಹ್ಯಾಶ್ ಇನ್‌ಕ್ಲೂಡ್ ಎಸ್‌ಟಿಡಿಐಓ ಡಾಟ್ ಎಚ್. ಅದು ಯಾಕೆ ಬೇಕು ಎಂದು ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ, ‘ಅದಿಲ್ಲದಿದ್ದರೆ ಎರರ್ ಬರುತ್ತೆ, ಸುಮ್ಮನೆ ಬರಿ’ ಎಂಬುದೇ. ದೇವರ ಫೋಟೊಗೆ ಕೈಮುಗಿದು ಅಂಗಡಿ ಬಾಗಿಲು ತೆಗೆದ ಹಾಗೆ ಆ ಸಾಲು ಬರೆದು ಎಲ್ಲರೂ ಮುಂದಕ್ಕೆ ಹೋಗುತ್ತಾರೆ.

ಆ ಸಾಲಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದು ಕಷ್ಟವಲ್ಲ. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಜಿಸಿಸಿ ಕಂಪೈಲರಿಗೆ ದೊಡ್ಡಕ್ಷರದಲ್ಲಿ ‘-ಇ’ ಎಂದು ಹೇಳಿದರೆ ಸಾಕು. ಅದು ಪ್ರೋಗ್ರಾಮನ್ನು ಕಂಪೈಲ್ ಮಾಡದೆ, ಒಳಗೆ ಎಳೆದುಕೊಂಡ ಹೆಡರ್‌ಗಳನ್ನೆಲ್ಲ ಬಿಚ್ಚಿ ಪರದೆಯ ಮೇಲೆ ಸುರಿಯುತ್ತದೆ. ಐದು ಸಾಲಿನ ‘ಹಲೋ ವರ್ಲ್ಡ್’ ಅಷ್ಟು ಹೊತ್ತಿಗೆ ಏಳೆಂಟು ನೂರು ಸಾಲಾಗಿರುತ್ತದೆ. ಒಂದು ಹೆಡರ್ ಇನ್ನೊಂದನ್ನು ಕರೆದಿದೆ, ಆ ಇನ್ನೊಂದು ಮತ್ತೆ ಮೂರನ್ನು ಕರೆದಿದೆ. ಕರೆಯದೆ ಬಂದ ನೆಂಟರೂ ಅದರಲ್ಲಿ ಇದ್ದಾರೆ.

ಹೆಡರ್ ಎಂದರೆ ಲೈಬ್ರರಿಯು ಹೊರಗಿನವರಿಗೆ ಬರೆದುಕೊಟ್ಟ ಕರಾರುಪತ್ರ. ಪ್ರಿಂಟ್‌ಎಫ್ ಎಂಬುದೊಂದು ನಮ್ಮಲ್ಲಿದೆ, ಅದಕ್ಕೆ ಇಂಥದ್ದು ಕೊಡಬೇಕು, ಅದು ಇಂಥದ್ದು ಹಿಂದಿರುಗಿಸುತ್ತದೆ, ಅಷ್ಟೇ ಅದರಲ್ಲಿ ಇರುವುದು. ನಿಜವಾದ ಕೆಲಸ ಲೈಬ್ರರಿಯೊಳಗೆ ನಡೆಯುತ್ತದೆ. ಲಿನಕ್ಸ್ ಜಗತ್ತಿನ ಬಹುಪಾಲಿಗೆ ಆ ಲೈಬ್ರರಿ ಎಂದರೆ ಗ್ನು ಸಿ ಲೈಬ್ರರಿ, ಬಳಕೆಯ ಹೆಸರು ಜಿಲಿಬ್‌ಸಿ. 1980ರ ದಶಕದ ಕೊನೆಯಲ್ಲಿ ರೋಲೆಂಡ್ ಮೆಕ್‌ಗ್ರಾ ಎಂಬ ಹುಡುಗ ಶುರು ಮಾಡಿದ್ದು. ಉಬುಂಟು, ಡೆಬಿಯನ್, ಫೆಡೋರಾ, ರೆಡ್ ಹ್ಯಾಟ್ ಎಲ್ಲವೂ ಇಂದು ನಿಂತಿರುವುದು ಅದರ ಮೇಲೆ. ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಬಯಾನಿಕ್ ಎಂಬ ಬೇರೆ ಲೈಬ್ರರಿ. ಆದರೆ ಫೋನಿನ ಆಚೆ ತುದಿಯಲ್ಲಿ ಉತ್ತರ ಕೊಡುವ ಸರ್ವರ್ ಲಿನಕ್ಸಿನದಾಗಿದ್ದರೆ ಅಲ್ಲಿ ಹೆಚ್ಚಾಗಿ ಸಿಗುವುದು ಜಿಲಿಬ್‌ಸಿಯೇ.

ಇಂಥ ಲೈಬ್ರರಿಗೆ ಹೊಸ ಸೌಲಭ್ಯ ಸೇರಿಸಿದವರ ಹೆಸರು ಬಿಡುಗಡೆಯ ಟಿಪ್ಪಣಿಯಲ್ಲಿ ಮೇಲೆ ಬರುತ್ತದೆ. ನಾನಿಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯವರ ಕೆಲಸ. ಹಳೆಯ ಹೆಡರ್‌ಗಳನ್ನು ಬಿಡಿಸಿ ಜೋಡಿಸುವವರು, ಮೂವತ್ತು ವರ್ಷದಿಂದ ಸಿಕ್ಕುಸಿಕ್ಕಾದ ಬಿಲ್ಡ್ ಫೈಲುಗಳನ್ನು ಬಾಚುವವರು. ಅವರ ಕೆಲಸ ಸರಿಯಾಗಿದ್ದರೆ ಹೊರಗೆ ಏನೂ ಕಾಣಿಸುವುದಿಲ್ಲ. ಕಾಣಿಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಹೆಡರ್ ಮುಟ್ಟಿದರೆ ಊರೆಲ್ಲ ಕೆಲಸ

ಬೆಂಗಳೂರಿನ ಕಚೇರಿಯ ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ಬಿಲ್ಡ್ ಸಮಯ, ಅಂದರೆ ಪ್ರೋಗ್ರಾಮು ಕಂಪೈಲ್ ಆಗಿ ಸಿದ್ಧವಾಗಲು ಹಿಡಿಯುವ ಹೊತ್ತು, ಒಂದು ಕಾಫಿ ಕುಡಿದು ಬರುವ ಬಿಡುವು. ಕೊಡಗಿನಲ್ಲಿ ಲೆಕ್ಕ ಬೇರೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೆಗಲಿಗೇರಿಸಿ ತೋಟದ ಮನೆಗೆ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಆಷಾಢದ ಗಾಳಿಗೆ ಸಿಲ್ವರ್ ಮರ ಬಿದ್ದು ತಂತಿ ಕಡಿದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಲೈನ್‌ಮನ್‌ನೂ ಹೇಳಲಾರ. ಶನಿವಾರಸಂತೆ ಕಡೆಯ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟರೊಬ್ಬರು ನೆಟ್‌ವರ್ಕ್ ಹುಡುಕಿ ಮರದ ಮೇಲೆ ಅಟ್ಟಣೆ ಕಟ್ಟಿ, ಅಲ್ಲಿಂದಲೇ ಆನ್‌ಲೈನ್ ಪಾಠ ಮಾಡಿದ್ದು 2021ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಂಥ ಕಡೆ ಇನ್‌ವರ್ಟರಿನ ಬ್ಯಾಟರಿ ಮುಗಿಯುವುದರೊಳಗೆ ಬಿಲ್ಡ್ ಮುಗಿಯುತ್ತದೋ ಇಲ್ಲವೋ ಎಂಬುದು ಲೋಕಾಭಿರಾಮದ ಮಾತಲ್ಲ.

ಬಿಲ್ಡ್ ತಡವಾಗುವುದಕ್ಕೆ ಹೆಡರ್‌ಗಳ ಪಾಲು ದೊಡ್ಡದು. ಒಂದು ಸಿ ಫೈಲನ್ನು ತಿದ್ದಿದರೆ ಅದೊಂದನ್ನೇ ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು. ಹೆಡರ್ ಫೈಲಿನಲ್ಲಿ ಒಂದಕ್ಷರ ತಿದ್ದಿದರೆ, ಅದನ್ನು ನೇರವಾಗಿ ಕರೆದವರು, ಸುತ್ತುಬಳಸಿ ಕರೆದವರು, ಕರೆದದ್ದು ಮರೆತೇ ಹೋದವರು, ಎಲ್ಲರೂ ಮತ್ತೆ ಕಂಪೈಲ್ ಆಗಬೇಕು. ಲಿನಕ್ಸ್ ಕರ್ನಲ್ಲಿನಲ್ಲಿ ಈ ತೊಡಕು ಎಷ್ಟು ಬೆಳೆದಿತ್ತೆಂದರೆ, ಇಂಗೋ ಮೋಲ್ನಾರ್ ಎಂಬ ಹಳೆಯ ಕರ್ನಲ್ ಕೆಲಸಗಾರ ಒಂದು ವರ್ಷಕ್ಕೂ ಮೀರಿ ಕೂತು ಹೆಡರ್‌ಗಳ ಗಂಟು ಬಿಚ್ಚಿ, 2022ರ ಜನವರಿಯಲ್ಲಿ 2,200ಕ್ಕೂ ಹೆಚ್ಚು ಪ್ಯಾಚ್‌ಗಳ, ಅಂದರೆ ತಿದ್ದುಪಡಿಗಳ, ಒಂದು ಹೊರೆಯನ್ನೇ ತಂದಿಟ್ಟರು. ಕರ್ನಲ್ ಬಿಲ್ಡ್ ವೇಗ ಸಂರಚನೆಗೆ ತಕ್ಕಂತೆ ಶೇ 50ರಿಂದ 80ರಷ್ಟು ಹೆಚ್ಚುತ್ತದೆ ಎಂಬುದು ಅವರ ಅಳತೆ. ಎಲ್ಲರೂ ಭೇಷ್ ಎಂದರು. ಆದರೆ ಅಷ್ಟನ್ನೂ ಒಂದೇ ಏಟಿಗೆ ಒಳಗೆ ಬಿಟ್ಟುಕೊಳ್ಳುವ ಎದೆಗಾರಿಕೆ ಯಾರಿಗಿದೆ? ಇಡೀ ಹೊರೆಯಾಗಿ ಅದು ಒಳಗೆ ಹೋಗಲಿಲ್ಲ.

ಬಿಲ್ಡ್ ಫೈಲಿನ ಕಥೆ ಇನ್ನೂ ಹಳೆಯದು. ಯಾವ ಫೈಲಿನಿಂದ ಯಾವುದು ಹುಟ್ಟಬೇಕು, ಯಾವುದು ಹಳತಾಗಿದೆ, ಯಾವುದನ್ನು ಮತ್ತೆ ಮಾಡಬೇಕು ಎಂದು ಲೆಕ್ಕ ಹಾಕುವ ‘ಮೇಕ್’ ಎಂಬ ಸಲಕರಣೆಯನ್ನು ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದರು. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲುಗಳು ಟ್ಯಾಬಿನಿಂದಲೇ ಶುರುವಾಗಬೇಕು, ಖಾಲಿ ಜಾಗ ಒತ್ತಿದರೆ ಆಗದು. ಕಣ್ಣಿಗೆ ಎರಡೂ ಒಂದೇ. ಇದು ಕೆಟ್ಟ ನಿಯಮ ಎಂದು ಫೆಲ್ಡ್‌ಮನ್ನರಿಗೆ ಬೇಗನೆ ಹೊಳೆದಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಗೆಳೆಯರೇ, ಅದನ್ನು ಬಳಸಲು ಶುರು ಮಾಡಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡ ಎಂದು ಬಿಟ್ಟರಂತೆ. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಐವತ್ತು ವರ್ಷದಿಂದ ಲಕ್ಷಾಂತರ ಜನ ಟ್ಯಾಬ್ ಹುಡುಕುತ್ತಿದ್ದಾರೆ. ಮೇಕ್‌ಗಾಗಿ 2003ರಲ್ಲಿ ಅವರಿಗೆ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು. ಅದು ಟ್ಯಾಬಿಗಲ್ಲ ಎಂದುಕೊಂಡಿದ್ದೇನೆ.

ಜಿಲಿಬ್‌ಸಿಯ ಮೇಕ್‌ಫೈಲುಗಳಲ್ಲಿ ಈಚಿನ ವರ್ಷಗಳಲ್ಲಿ ನಡೆದ ಒಂದು ಒಪ್ಪ ಓರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲೈಬ್ರರಿಯ ಪ್ರತಿ ಉಪಕೋಶದ ಮೇಕ್‌ಫೈಲಿನಲ್ಲೂ ಉದ್ದನೆಯ ಪಟ್ಟಿಗಳಿವೆ: ಇಂಥಿಂಥ ಹೆಡರ್‌ಗಳನ್ನು ಬಳಕೆದಾರರಿಗೆ ಕೊಡಬೇಕು, ಇಂಥಿಂಥ ಫಂಕ್ಷನ್ನುಗಳನ್ನು ಸೇರಿಸಬೇಕು, ಇಂಥಿಂಥ ಪರೀಕ್ಷೆಗಳನ್ನು ಓಡಿಸಬೇಕು. ಒಂದೊಂದು ಸಾಲಿನಲ್ಲಿ ಐದಾರು ಹೆಸರು, ಸಾಲಿನ ಕೊನೆಗೆ ‘ಮುಂದುವರಿದಿದೆ’ ಎನ್ನುವ ಓರೆಗೆರೆ, ಕೆಳಗಿನ ಸಾಲಿನಲ್ಲಿ ಮತ್ತೆ ನಾಲ್ಕು. ಹೊಸ ಹೆಸರು ಸೇರಿಸುವವರು ಜಾಗ ಕಂಡಲ್ಲಿ ತುರುಕಿದ್ದರು. ಇಬ್ಬರು ಒಂದೇ ವಾರ ಒಂದೊಂದು ಪರೀಕ್ಷೆ ಸೇರಿಸಿದರೆ ಇಬ್ಬರೂ ಮುಟ್ಟುವುದು ಅದೇ ಕೊನೆಯ ಸಾಲನ್ನು. ಇಬ್ಬರ ಪ್ಯಾಚ್‌ಗಳಿಗೂ ಜಟಾಪಟಿ.

ಪರಿಹಾರ ಸರಳ. ಪಟ್ಟಿಯ ಪ್ರತಿ ಹೆಸರಿಗೂ ಒಂದು ಸಾಲು, ಎಲ್ಲವೂ ಅಕಾರಾದಿಯಾಗಿ, ಪಟ್ಟಿಯ ಕೊನೆಯಲ್ಲಿ ಹ್ಯಾಶ್ ಹಾಕಿ ‘ಇದು ಇಂಥ ಪಟ್ಟಿಯ ಮುಗಿತಾಯ’ ಎಂದು ತಿಳಿಸುವ ಟಿಪ್ಪಣಿ. ಆ ಕೊನೆಯ ಟಿಪ್ಪಣಿಯೇ ಜಾಣತನ. ಅದು ಇರುವುದರಿಂದ ಕೊನೆಯ ಹೆಸರಿನ ಮುಂದೆಯೂ ಓರೆಗೆರೆ ಇಡಬಹುದು. ನಾಳೆ ಇನ್ನೊಂದು ಹೆಸರು ಸೇರಿಸುವವನು ಹಳೆಯ ಸಾಲನ್ನು ಮುಟ್ಟಬೇಕಾಗಿಯೇ ಇಲ್ಲ. ಅಕಾರಾದಿ ಜೋಡಿಸಲು ಪೈಥಾನ್‌ನಲ್ಲಿ ಒಂದು ಪುಟ್ಟ ಸ್ಕ್ರಿಪ್ಟನ್ನೂ ಲೈಬ್ರರಿಯ ಜೊತೆಗೇ ಇಟ್ಟರು. ಇಷ್ಟೆಲ್ಲ ಮಾಡಿ ಒಪ್ಪಿಸುವಾಗ ಪ್ಯಾಚಿನ ಒಕ್ಕಣೆಯಲ್ಲಿ ಹೇಳಿಕೊಂಡ ಹೆಗ್ಗಳಿಕೆ ಏನು ಗೊತ್ತೇ? ಕಂಪೈಲ್ ಆಗಿ ಹುಟ್ಟಿದ ಬೈನರಿಯಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ ಎಂಬುದು.

ಒಕ್ಕವಿಲ್ಲದ ಹೆಸರುಗಳು

ಹೆಡರ್ ಶುಚಿಗೊಳಿಸುವಾಗ ಎದುರಾಗುವ ದೊಡ್ಡ ತಲೆನೋವು ಹೆಸರಿನದು. ಕೊಡವರಲ್ಲಿ ಒಕ್ಕದ ಹೆಸರು, ಅಂದರೆ ಮನೆಹೆಸರು, ಮೊದಲು; ಕರೆಯುವ ಹೆಸರು ಕೊನೆಗೆ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮಚ್ಚಂಡ ರೋಹನ್ ಬೋಪಣ್ಣ. ಬೋಪಣ್ಣ ಎಂದು ವಿರಾಜಪೇಟೆ ಸಂತೆಯಲ್ಲಿ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ. ಒಕ್ಕದ ಹೆಸರು ಸೇರಿಸಿ ಕೂಗಿದರೆ ಬೇಕಾದವರು ಮಾತ್ರ ನಿಲ್ಲುತ್ತಾರೆ. ಸಿ ಭಾಷೆಗೆ ಈ ವ್ಯವಸ್ಥೆ ಇಲ್ಲ. ಅಲ್ಲಿ ಎಲ್ಲರೂ ಬರೀ ಬೋಪಣ್ಣರು. ಲೈಬ್ರರಿಯ ಹೆಡರ್ ಒಂದು ಹೆಸರನ್ನು ಹಿಡಿದುಕೊಂಡರೆ, ಆ ಹೆಡರನ್ನು ಎಳೆದುಕೊಂಡ ಪ್ರೋಗ್ರಾಮುಗಳಿಗೆಲ್ಲ ಆ ಹೆಸರು ಹೋಯಿತು.

ಮೇಜರ್, ಮೈನರ್ ಎಂಬ ಎರಡು ಹೆಸರುಗಳ ಕಥೆ ಇದೇ. ಯುನಿಕ್ಸಿನಲ್ಲಿ ಪ್ರತಿ ಸಾಧನಕ್ಕೂ, ಅಂದರೆ ಡಿಸ್ಕಿಗೋ ಟರ್ಮಿನಲ್ಲಿಗೋ, ಎರಡು ಸಂಖ್ಯೆಗಳಿರುತ್ತವೆ. ಒಂದು ಮೇಜರ್, ಇನ್ನೊಂದು ಮೈನರ್. ಇವನ್ನು ಬಿಡಿಸಿಕೊಡುವ ಮ್ಯಾಕ್ರೊಗಳು ಇರಬೇಕಾದದ್ದು ಸಿಸ್‌ಮ್ಯಾಕ್ರೋಸ್ ಎಂಬ ಹೆಡರಿನಲ್ಲಿ. ಆದರೆ ಬಹಳ ಹಿಂದೆ ಯಾರೋ ಅನುಕೂಲಕ್ಕೆಂದು ಆ ಹೆಡರನ್ನು ‘ಸಿಸ್ ಟೈಪ್ಸ್’ ಎಂಬ ಇನ್ನೊಂದು ಹೆಡರಿನೊಳಗೆ ಸೇರಿಸಿದ್ದರು. ಸಿಸ್ ಟೈಪ್ಸ್ ಅನ್ನು ಎಳೆದುಕೊಳ್ಳದ ಪ್ರೋಗ್ರಾಮೇ ಅಪರೂಪ. ಹೀಗಾಗಿ ಡಿಸ್ಕಿನ ಗಂಧಗಾಳಿಯೂ ಇಲ್ಲದ ಪ್ರೋಗ್ರಾಮಿನೊಳಗೂ ಮೇಜರ್, ಮೈನರ್ ಬಂದು ಕೂತವು.

ಮ್ಯಾಕ್ರೊ ಎಂದರೆ ಕಂಪೈಲರ್ ಅರ್ಥ ನೋಡುವ ಮೊದಲೇ ನಡೆಯುವ ಅಕ್ಷರಬದಲು. ಸಂಗೀತದ ಸಾಫ್ಟ್‌ವೇರ್ ಬರೆಯುವವನು ಮೇಜರ್ ಸ್ವರಶ್ರೇಣಿಗೆ ಅದೇ ಹೆಸರಿನ ಫಂಕ್ಷನ್ ಇಟ್ಟ ಎಂದುಕೊಳ್ಳಿ. ಇಲ್ಲವೇ ತನ್ನ ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆಯನ್ನು ಮೇಜರ್, ಮೈನರ್ ಎಂದು ಒಡೆದು ಇಟ್ಟುಕೊಂಡ ಎನ್ನಿ. ಹೆಸರಿನ ಪಕ್ಕ ಆವರಣ ಚಿಹ್ನೆ ಬಂತೋ, ಲೈಬ್ರರಿಯ ಮ್ಯಾಕ್ರೊ ನಡುವೆ ಹಾರಿ ಬಂದು ಅದನ್ನು ಬೇರೆಯೇ ಹೆಸರಾಗಿ ಬದಲಿಸಿಬಿಡುತ್ತಿತ್ತು. ಕಂಪೈಲರ್ ಕೊಡುವ ಎರರ್ ನೋಡಿದರೆ, ತಾನು ಬರೆಯದೇ ಇದ್ದ ಹೆಸರಿನ ಬಗ್ಗೆ ತನಗೇ ಬೈಗುಳ. ಸಿ++ ಬರೆಯುವವರು ಇದಕ್ಕೆ ಪಟ್ಟ ಪಾಡು ಅಷ್ಟಿಷ್ಟಲ್ಲ.

ಇದನ್ನು ತೆಗೆಯಲು ಎಷ್ಟು ಹೊತ್ತು ಬೇಕು? ಒಂದು ಸಾಲು ಅಳಿಸಿದರೆ ಮುಗಿಯಿತು. ಆದರೆ ನಿಜವಾಗಿ ಡಿಸ್ಕಿನ ಸಂಖ್ಯೆ ಬೇಕಾದ ಪ್ರೋಗ್ರಾಮುಗಳು ಎಷ್ಟೋ ವರ್ಷದಿಂದ ಸಿಸ್ ಟೈಪ್ಸ್ ಒಂದನ್ನೇ ಎಳೆದುಕೊಂಡು ಹಾಯಾಗಿದ್ದವು. ಅವಕ್ಕೆ ತಾವು ನೆಚ್ಚಿಕೊಂಡದ್ದು ಆಕಸ್ಮಿಕವನ್ನು ಎಂಬ ಅರಿವೇ ಇರಲಿಲ್ಲ. ಅದಕ್ಕೇ ಜಿಲಿಬ್‌ಸಿಯವರು 2017ರ ಫೆಬ್ರುವರಿಯ 2.25ನೇ ಆವೃತ್ತಿಯಲ್ಲಿ ಮೊದಲು ಎಚ್ಚರಿಕೆ ಹಾಕಿದರು: ಹೀಗೆ ಬಳಸುತ್ತಿದ್ದೀರಿ, ಇನ್ನು ಮುಂದೆ ಸಿಸ್‌ಮ್ಯಾಕ್ರೋಸ್ ಅನ್ನು ನೀವೇ ಹೆಸರಿಟ್ಟು ಕರೆಯಿರಿ. ಒಂದೂವರೆ ವರ್ಷ ಕಾದು 2018ರ ಆಗಸ್ಟಿನ 2.28ರಲ್ಲಿ ಆ ಸಾಲು ತೆಗೆದರು. ಆಗಲೂ ಎಚ್ಚರಿಕೆ ಓದದವರ ಬಿಲ್ಡ್‌ಗಳು ಒಂದೊಂದಾಗಿ ಮುರಿದವು. ಪ್ರತಿಯೊಂದಕ್ಕೂ ಒಂದೇ ಸಾಲಿನ ಮದ್ದು, ಆದರೆ ಹಚ್ಚಬೇಕಾದದ್ದು ಪ್ರಪಂಚದ ತುಂಬ.

ಹೊರಗಿನವರಿಗೆ ಗೊತ್ತೇ ಆಗದಂತೆ ದೊಡ್ಡ ಕೆಲಸ ಮುಗಿಸುವುದೂ ಸಾಧ್ಯ. ಥ್ರೆಡ್‌ಗಳ ಫಂಕ್ಷನ್ನುಗಳು ಲಿಬ್‌ಪಿಥ್ರೆಡ್ ಎಂಬ ಬೇರೆಯೇ ಲೈಬ್ರರಿಯಲ್ಲಿ ಇದ್ದವು. ಎರಡರ ನಡುವೆ ಗುಟ್ಟಿನ ಕೊಡುಕೊಳ್ಳುವಿಕೆ ಬೇಕಾದಷ್ಟು. ಒಂದು ಹೊಸದಾಗಿ ಇನ್ನೊಂದು ಹಳೆಯದಾಗಿ ಉಳಿದರೆ ಅಪ್‌ಗ್ರೇಡ್ ನಡುವೆಯೇ ಪ್ರೋಗ್ರಾಮುಗಳು ಮುಗ್ಗರಿಸುತ್ತಿದ್ದವು. ರೆಡ್ ಹ್ಯಾಟಿನ ಫ್ಲೋರಿಯನ್ ವೈಮರ್ ಮೊದಲಾದವರು ಫಂಕ್ಷನ್ನುಗಳನ್ನು ಒಂದೊಂದಾಗಿ ಮುಖ್ಯ ಲೈಬ್ರರಿಗೆ ಸಾಗಿಸಿ, 2021ರ ಆಗಸ್ಟಿನ 2.34ನೇ ಆವೃತ್ತಿಯಲ್ಲಿ ಎರಡನ್ನೂ ಒಂದು ಮಾಡಿದರು. ಹಳೆಯ ಮೇಕ್‌ಫೈಲುಗಳಲ್ಲಿ ‘ಲಿಬ್‌ಪಿಥ್ರೆಡ್ ಸೇರಿಸು’ ಎಂಬ ಸೂಚನೆ ಸಾವಿರಾರು ಕಡೆ ಇತ್ತಲ್ಲ? ಅವು ಮುರಿಯಬಾರದೆಂದು ಅದೇ ಹೆಸರಿನ ಖಾಲಿ ಡಬ್ಬಿಯೊಂದನ್ನು ಅಲ್ಲೇ ಬಿಟ್ಟರು. ಜಿಸಿಸಿ ಹಾಕಿದ ಲಿನಕ್ಸ್ ಕಂಪ್ಯೂಟರಿನಲ್ಲಿ ಇಂದಿಗೂ ಅದು ಇದೆ. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ನನ್ನ ಮಟ್ಟಿಗೆ ಈ ಖಾಲಿ ಡಬ್ಬಿ ಇಡೀ ಕೆಲಸದ ಅತ್ಯಂತ ಸುಸಂಸ್ಕೃತ ಭಾಗ.

ಅಷ್ಟೇ ಸುಸಂಸ್ಕೃತವಾಗಿ ಮುಗಿಯದ ಒಂದು ಪ್ರಸಂಗ ಮರುವರ್ಷವೇ ನಡೆಯಿತು. ಲೈಬ್ರರಿಯೊಳಗೆ ಯಾವ ಫಂಕ್ಷನ್ ಎಲ್ಲಿದೆ ಎಂದು ಬೇಗ ಹುಡುಕಲು ಒಂದು ಸೂಚಿ ಇರುತ್ತದೆ. ಹಳೆಯ ಬಗೆಯ ಸೂಚಿ ಒಂದು, 2006ರಲ್ಲಿ ಬಂದ ಹೊಸ ಗ್ನು ಸೂಚಿ ಇನ್ನೊಂದು. ಎರಡನ್ನೂ ಇಡು ಎಂಬ ಸೂಚನೆ ಜಿಲಿಬ್‌ಸಿಯ ಬಿಲ್ಡ್ ಫೈಲಿನಲ್ಲಿತ್ತು. ಈಗ ಎಲ್ಲರೂ ಬಳಸುವುದು ಹೊಸದನ್ನೇ, ಈ ಸೂಚನೆ ಯಾಕೆ ಎಂದು 2022ರ ಆಗಸ್ಟಿನ 2.36ರ ಹೊತ್ತಿಗೆ ಅದನ್ನು ತೆಗೆದರು. ಬಿಲ್ಡ್ ಫೈಲು ಒಂದಿಷ್ಟು ಹಗುರಾಯಿತು. ಆದರೆ ಆನ್‌ಲೈನ್ ಆಟಗಳಲ್ಲಿ ಮೋಸ ಹಿಡಿಯುವ ಈಸಿ ಆ್ಯಂಟಿ-ಚೀಟ್ ಎಂಬ ಸಾಫ್ಟ್‌ವೇರ್ ಆ ಹಳೆಯ ಸೂಚಿಯನ್ನೇ ಓದುತ್ತಿತ್ತು. ಹೊಸ ಲೈಬ್ರರಿ ಹಾಕಿಕೊಂಡವರ ಆಟಗಳು ತೆರೆಯಲೇ ಇಲ್ಲ. ಆರ್ಚ್ ಲಿನಕ್ಸಿನವರು ತಮ್ಮ ಮಟ್ಟಿಗೆ ಹಳೆಯ ಸೂಚಿಯನ್ನು ವಾಪಸು ಸೇರಿಸಿದರು. ಹಳೆಯದು ಕಡ್ಡಾಯ ಎಂದು ಮೂಲ ನಿಯಮದಲ್ಲೇ ಇದೆ ಎಂದು ಒಂದು ಕಡೆಯವರು, ಹದಿನಾರು ವರ್ಷದಿಂದ ಹೊಸದಿರುವಾಗ ಹಳತಿಗೆ ಜೋತುಬಿದ್ದದ್ದು ಯಾಕೆ ಎಂದು ಇನ್ನೊಂದು ಕಡೆಯವರು. ಇದರಲ್ಲಿ ನಾನು ಮೊದಲ ಕಡೆಯವರ ಪಕ್ಷ. ಹುಟ್ಟುವ ಬೈನರಿ ಬದಲಾಯಿತೆಂದ ಮೇಲೆ ಅದು ಗುಡಿಸಿ ಒರೆಸಿದ್ದಲ್ಲ, ಗೋಡೆ ಒಡೆದದ್ದು. ಒಡೆಯುವುದಕ್ಕೂ ಒಂದು ವಿಧಾನ ಇದೆ, ಮೇಜರ್-ಮೈನರ್ ವಿಷಯದಲ್ಲಿ ಅದನ್ನು ಅವರೇ ತೋರಿಸಿದ್ದರು.

ಮೇಜರ್-ಮೈನರ್ ಸಾಲು ತೆಗೆದ ಅದೇ 2.28ರಲ್ಲಿ ಅಕಾರಾದಿ ಜೋಡಣೆಯ ನಿಯಮಗಳನ್ನೂ ಹೊಸ ಅಂತರರಾಷ್ಟ್ರೀಯ ಮಾನಕಕ್ಕೆ ತಂದರು. ಬೇಕಾದ ಕೆಲಸವೇ. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸುಗಳು ಹಳೆಯ ಕ್ರಮದಲ್ಲಿ ಕಟ್ಟಿಟ್ಟ ಸೂಚಿಗಳನ್ನು ಹೊಸ ಕ್ರಮದಲ್ಲಿ ಹುಡುಕಹೋಗಿ, ಇದ್ದ ದಾಖಲೆಯನ್ನೇ ಇಲ್ಲ ಎಂದವು. ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟಿಕೊಳ್ಳಿ ಎನ್ನುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಒಂದು ಚುಕ್ಕಿ

ಇಷ್ಟು ಹೊತ್ತು ಹೇಳಿದ್ದೆಲ್ಲ ಒಳ್ಳೆಯ ಮನಸ್ಸಿನವರ ಕೆಲಸ. ಯಾರೂ ಓದದ ಬಿಲ್ಡ್ ಫೈಲುಗಳಲ್ಲಿ ಕೆಟ್ಟ ಮನಸ್ಸಿನವರು ಏನು ಮಾಡಬಹುದು ಎಂಬುದು 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಯಿತು. ಅಂದು ಆ್ಯಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಕೆಲಸಗಾರ ತಾನು ಕಂಡದ್ದನ್ನು ಬಹಿರಂಗಪಡಿಸಿದರು. ತನ್ನ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ, ಯಾಕೆ ಎಂದು ಕೆದಕುತ್ತ ಹೋದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯಲ್ಲಿ ಅಡಗಿಸಿಟ್ಟ ಕಳ್ಳಬಾಗಿಲು.

ಫಿನ್‌ಲೆಂಡಿನ ಲಾಸಿ ಕೊಲಿನ್ ಎಂಬ ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ಬಂದ ಲೈಬ್ರರಿ ಅದು. ‘ಜಿಯಾ ಟ್ಯಾನ್’ ಎಂಬ ಹೆಸರಿನವನೊಬ್ಬ ಸಹಾಯ ಮಾಡುವ ನೆಪದಲ್ಲಿ ಬಂದು, ಎರಡು ಮೂರು ವರ್ಷ ನಯವಾಗಿ ಕೆಲಸ ಮಾಡಿ, ನಂಬಿಕೆ ಗಳಿಸಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದಿದ್ದ. ಆತ ಯಾರು ಎಂಬುದು ಇವತ್ತಿಗೂ ಬಯಲಾಗಿಲ್ಲ. ಅವನ ಕೈಚಳಕ ಸಿ ಕೋಡಿನಲ್ಲಿ ಇರಲಿಲ್ಲ, ಅಲ್ಲಿದ್ದರೆ ಯಾರಾದರೂ ಓದುತ್ತಿದ್ದರು. ದುಷ್ಟ ಕೋಡನ್ನು ಆತ ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಮಾದರಿ ಫೈಲುಗಳಲ್ಲಿ. ಅದನ್ನು ಹೊರತೆಗೆದು ಲೈಬ್ರರಿಗೆ ಹೊಲಿಯುವ ಸೂಚನೆ ಇದ್ದದ್ದು ಒಂದು ಎಂ4 ಬಿಲ್ಡ್ ಫೈಲಿನಲ್ಲಿ. ಆ ಫೈಲು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, 5.6.0, 5.6.1 ಬಿಡುಗಡೆಯ ಕಟ್ಟುಗಳಲ್ಲಿ ಮಾತ್ರ ಇತ್ತು. ಇಂಥ ಫೈಲುಗಳಿಂದ ಹುಟ್ಟುವ ಕಾನ್ಫಿಗರ್ ಸ್ಕ್ರಿಪ್ಟುಗಳು ಹೇಗಿದ್ದರೂ ಸಾವಿರಾರು ಸಾಲಿನ ಗೊಂಡಾರಣ್ಯ. ಅಲ್ಲಿ ಒಂದು ಹೊಸ ಪೊದೆ ಕಂಡರೂ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದೇ ಆಸಾಮಿ ಮಾಡಿದ ಇನ್ನೊಂದು ಸಣ್ಣ ಕೆಲಸ. ಬಿಲ್ಡ್ ಫೈಲುಗಳು ಯಂತ್ರವನ್ನು ಪ್ರಶ್ನೆ ಕೇಳುವ ರೀತಿ ಹೀಗೆ: ಇಂಥ ಸೌಲಭ್ಯ ಇದೆಯೇ ಎಂದು ತಿಳಿಯಲು ಅದನ್ನು ಬಳಸುವ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ನೋಡುತ್ತವೆ. ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ. ಲ್ಯಾಂಡ್‌ಲಾಕ್ ಎಂಬುದು ಲಿನಕ್ಸಿನ ಒಂದು ಕಾವಲು ವ್ಯವಸ್ಥೆ. ಅದನ್ನು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮಿನ ನಡುವೆ, ಸಿಮೇಕ್ ಬಿಲ್ಡ್ ಫೈಲಿನಲ್ಲಿ, ಒಂದು ಖಾಲಿ ಸಾಲಿನ ಮೊದಲಲ್ಲಿ ಒಂದೇ ಒಂದು ಚುಕ್ಕಿ. ಪರದೆಯ ಮೇಲೆ ಧೂಳು ಕೂತಿದೆ ಎನ್ನಿಸಬೇಕು. ಚುಕ್ಕಿ ಇದ್ದರೆ ಆ ಪ್ರೋಗ್ರಾಮ್ ಎಂದಿಗೂ ಕಂಪೈಲ್ ಆಗುವುದಿಲ್ಲ. ಆಗದಿದ್ದರೆ ಬಿಲ್ಡ್ ಫೈಲು ‘ಈ ಯಂತ್ರದಲ್ಲಿ ಲ್ಯಾಂಡ್‌ಲಾಕ್ ಇಲ್ಲ’ ಎಂದು ತೀರ್ಮಾನಿಸಿ ಸುಮ್ಮನೆ ಮುಂದುವರಿಯುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಕಾವಲೂ ಇಲ್ಲ. ಕೊಲಿನ್ ಆಮೇಲೆ ಕೂತು ಚುಕ್ಕಿಯನ್ನು ಅಳಿಸಿ, ಮಿಕ್ಕದ್ದನ್ನೆಲ್ಲ ಸೋಸಿ, 2024ರ ಮೇ 29ರಂದು 5.6.2 ಹೊರಡಿಸಿದರು.

ಮೇಕ್‌ಫೈಲಿನ ಪಟ್ಟಿಯನ್ನು ಅಕಾರಾದಿ ಮಾಡಿದರೆ ಯಾರಿಗೇನು ಲಾಭ ಎಂದು ಮೂಗು ಮುರಿಯುವವರಿಗೆ ನಾನು ತೋರಿಸುವುದು ಈ ಚುಕ್ಕಿಯನ್ನೇ. ಓದಲು ಆಗುವ ಹಾಗಿದ್ದರೆ ಯಾರಾದರೂ ಓದಿಯಾರು.

ಕನ್ನಡದ ಸಾಲು, ಕೊಡವದ ಜಾಗ

ಈ ಬಿಲ್ಡ್ ಫೈಲುಗಳಲ್ಲಿ ನಮಗೆ ಸೇರಿದ್ದೂ ಒಂದಿದೆ. ಜಿಲಿಬ್‌ಸಿಯ ಲೊಕೇಲ್‌ಡೇಟಾ ವಿಭಾಗದಲ್ಲಿ ‘ಸಪೋರ್ಟೆಡ್’ ಎಂಬ ಹೆಸರಿನ ಫೈಲು ಇದೆ. ಅದೂ ಮೇಕ್‌ಫೈಲಿನ ತುಂಡೇ. ಲೈಬ್ರರಿಗೆ ಯಾವ ಯಾವ ಭಾಷೆ, ಯಾವ ಯಾವ ದೇಶದ ರೂಢಿಗಳು ಗೊತ್ತು ಎಂಬುದರ ಪಟ್ಟಿ ಅದು, ಸಾಲಿಗೊಂದು, ಕೊನೆಗೆ ಅದೇ ಓರೆಗೆರೆ. ಕನ್ನಡದ ಸಾಲು ‘ಕೆಎನ್ ಅಂಡರ್‌ಸ್ಕೋರ್ ಐಎನ್’ ಎಂದು ಶುರುವಾಗುತ್ತದೆ. ಮೇಲೆ ಕಾಂಬೋಡಿಯಾದ ಖ್ಮೇರ್, ಕೆಳಗೆ ಕೊರಿಯನ್. ಇನ್ನಷ್ಟು ಕೆಳಗೆ ‘ಟಿಸಿವೈ’ ಎಂದು ತುಳುವಿಗೂ ಒಂದು ಸಾಲಿದೆ. ಕನ್ನಡದ ಆ ಸಾಲಿನ ಬಲದಿಂದಲೇ ಲಿನಕ್ಸ್ ಯಂತ್ರಕ್ಕೆ ತಾರೀಖು ಕೇಳಿದರೆ ಕನ್ನಡದಲ್ಲಿ ವಾರ, ತಿಂಗಳು ಹೇಳುತ್ತದೆ; ಲಕ್ಷ, ಕೋಟಿಗೆ ತಕ್ಕಂತೆ ಅಲ್ಪವಿರಾಮ ಹಾಕುತ್ತದೆ.

ಇಲ್ಲಿಯೂ ಒಂದು ಸದ್ದಿಲ್ಲದ ಶುಚಿಕಾರ್ಯ ನಡೆಯಿತು. ಹಿಂದೆಲ್ಲ ಒಂದೊಂದು ಭಾಷೆಯ ರೂಢಿಗಳನ್ನು ಬರೆದಿಟ್ಟ ಲೊಕೇಲ್ ಕಡತಗಳಲ್ಲಿ ಕನ್ನಡ ಅಕ್ಷರ ಬರೆಯುವಂತಿರಲಿಲ್ಲ. ‘ಕ’ ಎನ್ನಲು ಅದರ ಯುನಿಕೋಡ್ ಸಂಖ್ಯೆ 0ಸಿ95 ಎಂದು ಕೋನಾವರಣದಲ್ಲಿ ಬರೆಯಬೇಕಿತ್ತು. ‘ಜನವರಿ’ ಎಂಬ ನಾಲ್ಕಕ್ಷರದ ಹೆಸರು ಅರ್ಧ ಸಾಲು ತಿನ್ನುತ್ತಿತ್ತು. ಒಂದು ಕಾಗುಣಿತ ತಪ್ಪಿದ್ದರೆ ಕನ್ನಡದ ಎಂಥ ಪಂಡಿತನಿಗೂ ಕಾಣಿಸುವುದು ಸಾಧ್ಯವಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಸಂಖ್ಯೆಗಳನ್ನೆಲ್ಲ ತೆಗೆದು ನೇರ ಅಕ್ಷರಗಳನ್ನೇ ಇಟ್ಟರು. ಕಡತದಿಂದ ಹುಟ್ಟುವ ಫಲಿತಾಂಶ ಹಳೆಯದೇ. ಆದರೆ ಈಗ ಮೂರನೇ ಕ್ಲಾಸಿನ ಮಗುವೂ ಅದನ್ನು ಓದಿ ತಪ್ಪು ಹಿಡಿಯಬಹುದು.

ಕೊಡವ ಭಾಷೆಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಭಾಷೆಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ ಅದಕ್ಕೆ ‘ಕೆಎಫ್‌ಎ’ ಎಂಬ ಗುರುತು ಇದೆ. 2001ರ ಜನಗಣತಿಯಲ್ಲಿ ಸುಮಾರು 1.66 ಲಕ್ಷ ಇದ್ದ ಭಾಷಿಕರು 2011ರಲ್ಲಿ 1.14 ಲಕ್ಷಕ್ಕೆ ಇಳಿದಿದ್ದಾರೆ. ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ. ಸೇರಿಸುವುದಾದರೆ ಅದರ ಜಾಗ ಅಲ್ಜೀರಿಯಾದ ಕಬೈಲ್ ಭಾಷೆಯ ಕೆಳಗೆ, ಕಝಕ್ ಭಾಷೆಯ ಮೇಲೆ. 2021ರ ಆಗಸ್ಟಿನವರೆಗೆ ಈ ಲೈಬ್ರರಿಗೆ ದೊಡ್ಡ ಕೋಡ್ ಕೊಡಬೇಕಾದರೆ ಹಕ್ಕುಸ್ವಾಮ್ಯವನ್ನು ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಬರೆದುಕೊಡುವ ಕಾಗದಪತ್ರದ ವ್ಯವಹಾರ ಇತ್ತು. ಈಗ ಅದರ ಬದಲು ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಪ್ಯಾಚಿನ ಕೆಳಗೆ ಒಂದು ಸಹಿ ಹಾಕಿದರೂ ನಡೆಯುತ್ತದೆ. ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ ಕೂತ ಹುಡುಗಿಯೊಬ್ಬಳು ಮಾಡಬಹುದಾದ ಕೆಲಸ.

ಕಷ್ಟ ಇರುವುದು ಆ ಸಾಲಿನಲ್ಲಲ್ಲ. ಲೊಕೇಲ್ ಕಡತ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಹನ್ನೆರಡು ಹೆಸರು. ಕೊಡವರ ವರ್ಷ ಶುರುವಾಗುವುದು ಏಪ್ರಿಲ್ ನಡುವೆ ಬರುವ ಎಡಮ್ಯಾರಿನಿಂದ. ಕಕ್ಕಡ ತಿಂಗಳು ಅರ್ಧ ಜುಲೈ, ಅರ್ಧ ಆಗಸ್ಟ್. ಹಾಗಾದರೆ ಇಂಗ್ಲಿಷ್ ತಿಂಗಳನ್ನೇ ಕೊಡವರು ಉಚ್ಚರಿಸುವ ಹಾಗೆ ಬರೆಯುವುದೇ? ಬರೆಯುವುದಾದರೂ ಕನ್ನಡ ಲಿಪಿಯಲ್ಲಿ ಹೇಗೆ? ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಲಿಗೆಯ ನಡುವೆ ಹುಟ್ಟುವ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಒಬ್ಬರು ಒಂದು ಗುರುತು ಹಾಕಿದರೆ ಇನ್ನೊಬ್ಬರು ಬೇರೆ ಹಾಕುತ್ತಾರೆ, ಮತ್ತೊಬ್ಬರು ಏನೂ ಹಾಕುವುದಿಲ್ಲ. ಒಮ್ಮೆ ಲೈಬ್ರರಿಯೊಳಗೆ ಹೋದ ಕಾಗುಣಿತವನ್ನು ಯಾರೋ ನೆಚ್ಚಿಕೊಳ್ಳುತ್ತಾರೆ, ಆಮೇಲೆ ತಿದ್ದಹೋದರೆ ಮೇಜರ್-ಮೈನರ್ ಪಾಡೇ. ಮೇಕ್‌ಫೈಲಿನ ಸಾಲನ್ನು ಒಬ್ಬರೇ ಒಂದು ಸಂಜೆ ಬರೆದು ಮುಗಿಸಬಹುದು. ಭಾನುವಾರದ ಕಾಗುಣಿತ ತೀರ್ಮಾನಿಸಲು ಮಾತ್ರ ಮಡಿಕೇರಿಯಲ್ಲಿ ಒಂದು ಸಭೆ ಸೇರಬೇಕು, ಅದೂ ಒಂದರಲ್ಲಿ ಮುಗಿಯುವುದಿಲ್ಲ.